ಗವಿರಂಗ ಮೀನಿಗೆ ಸಂಪು ಕಟ್ಟಿದ್ದು

ಹೂಂಗುಟ್ಟುವವರು ಗಟ್ಟಿಯಾಗಿ ಹೂಂಗುಟ್ಟಿ. ನಗುವವರು ಮಾತ್ರ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗಿ. ಯಾಕೆಂದರೆ ಇದು ಒಬ್ಬ ತಾಯಿಯ ಸಂಕಟದ ಕತೆಯೂ ಹೌದು.

ತಿಪಟೂರಿನಲ್ಲಿ ಪುಟ್ಟನರಸಮ್ಮ ಅಂತ ಒಬ್ಬಳಿದ್ದಳು. ಬಣ್ಣದ ಮೀನು ಮಾರುವ ಅಂಗಡಿ ಅವಳದು. ಗಂಡ ಇಲ್ಲ, ಇರುವವನೊಬ್ಬನೇ ಮಗ, ಗವಿರಂಗ. ವಯಸ್ಸು ಮೂವತ್ತೊಂದು. ಆಳು ಬಾಗಿಲ ಚೌಕಟ್ಟಿನಷ್ಟು ಎತ್ತರ, ಮನಸ್ಸು ಹಾಲಿನಂಥದ್ದು. ತಲೆ? ತಲೆಯೂ ಇತ್ತು. ಆದರೆ ಅದರೊಳಗೆ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. ಕೊನೆಗೆ ಯಾರು ಏನು ಹೇಳಿದರೋ ಅದು ಒಳಗೆ ಹೋಗಿ ಚಿಲಕ ಹಾಕಿಕೊಂಡು ಕೂರುತ್ತಿತ್ತು.

ಹೂವಿನ ಅಂಗಡಿಯಲ್ಲಿ, "ನೀರು ಚಿಮುಕಿಸ್ತಾ ಇರು, ನಿಲ್ಲಿಸಬೇಡ" ಅಂದರು. ಗಿರಾಕಿಗಳ ಮೇಲೂ ಚಿಮುಕಿಸಿದ. ಹೋಟೆಲಿನಲ್ಲಿ, "ಕಂಡವರನ್ನೆಲ್ಲ ಕರೆದು ಕೂರಿಸು" ಅಂದರು. ತಿಂದು ಕೈ ತೊಳೆದು ಹೊರಟವರನ್ನೂ ಎಳೆದು ತಂದು ಕೂರಿಸಿದ. ಹೀಗೆ ಊರಿನ ಒಂದೊಂದು ಬೀದಿಯಲ್ಲೂ ಅವನು ಒಂದೊಂದು ಕೆಲಸ ಬಿಟ್ಟಿದ್ದ. ಬಿಟ್ಟಿದ್ದ ಅನ್ನುವುದು ನರಸಮ್ಮನ ಮಾತು. ಬೀದಿಯವರನ್ನು ಕೇಳಿದರೆ ಬೇರೆ ಹೇಳುತ್ತಾರೆ.

ನರಸಮ್ಮನ ಮಂಡಿ ಸವೆದಿತ್ತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. "ನಾನು ಇರೋವಾಗಲೇ ಇವನು ಒಂದು ಕಡೆ ನೆಲೆ ನಿಂತರೆ ಸಾಕು" ಅಂತ ಅವಳಿಗೆ ಒಂದೇ ಚಿಂತೆ.

ಪಕ್ಕದ ಅಂಗಡಿ ದಸ್ತಗೀರ್ ಮೇಸ್ತ್ರಿದು. ಅಕ್ರಿಲಿಕ್ ಹಲಗೆ ಕತ್ತರಿಸಿ, ಅಂಟಿಸಿ ಬೋರ್ಡು, ಡಬ್ಬ, ಮೀನಿನ ತೊಟ್ಟಿ ಮಾಡುವ ಕಸಬು. ಒಂದು ದಿನ ನಿವೃತ್ತ ಹೆಡ್‌ಮಿಸ್ಸು ಸರ್ವಮಂಗಳ ಟೀಚರ್ ಬಂದು ನರಸಮ್ಮನಿಗೆ ಹೇಳಿದರು: "ನನ್ನ ಮೀನಿನ ತೊಟ್ಟಿಗೆ ಒಂದು ಸಂಪು ಬೇಕು. ಭಾನುವಾರದೊಳಗೆ."

ಸಂಪು ಅಂದರೆ ಮನೆ ಮುಂದೆ ನೆಲ ಅಗೆದು ಮಾಡುವ ಸಂಪಲ್ಲ. ಮೀನಿನ ತೊಟ್ಟಿಯ ಕೆಳಗೆ ಬೀರುವಿನಲ್ಲಿ ಕೂರುವ ಇನ್ನೊಂದು ಪೆಟ್ಟಿಗೆ. ಮೇಲಿನ ಕೊಳೆ ನೀರು ಅದಕ್ಕೆ ಇಳಿದು, ಸ್ಪಂಜಿನಲ್ಲಿ ಸೋಸಿ, ಕಲ್ಲಿನಲ್ಲಿ ಹಾದು, ಪಂಪಿನಲ್ಲಿ ಮತ್ತೆ ಮೇಲಕ್ಕೆ ಹೋಗುತ್ತದೆ. ಮೀನಿನ ಮನೆಗೆ ಒಂದು ಬಚ್ಚಲುಮನೆ ಅನ್ನಿ.

ನರಸಮ್ಮ ಮೇಸ್ತ್ರಿಯ ಬಾಗಿಲಲ್ಲಿ ನಿಂತಳು. "ಸಾಬರೇ, ಈ ಸಂಪು ನಮ್ಮ ಗವಿ ಕೈಲಿ ಮಾಡಿಸಿ ನೋಡಿ. ನಿಮ್ಮ ದಮ್ಮಯ್ಯ."

ಮೇಸ್ತ್ರಿ ಗಡ್ಡ ನೀವಿಕೊಂಡರು. "ನೋಡಕ್ಕ, ಒಂದೇ ಮಾತು. ಈ ಸಂಪು ಅವನು ಮಾಡಿ, ಅದು ಸೋರದೆ ನಿಂತರೆ, ಅವನು ನನ್ನ ಆಳು. ಕಾಯಂ. ಸೋರಿದರೆ ಇನ್ನೊಂದು ಸಲ ಕೇಳಬಾರದು."

"ಕೇಳಲ್ಲ" ಅಂದಳು ನರಸಮ್ಮ.

ಸೋಮವಾರ ಬೆಳಿಗ್ಗೆ ಮಗನನ್ನು ನಿಲ್ಲಿಸಿಕೊಂಡು ಹೇಳಿದಳು: "ಲೋ ಗವಿ, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡೀಲಿ ಎರಡು ಹಲಗೆ ತಗೊಂಡು ಬಾ. ಮಸುಕಾಗಿರೋದು ತರಬೇಡ. ಆಚೆ ಇರೋರ ಮುಖ ಈಚೆ ಕಾಣಬೇಕು, ಅಂಥದ್ದು ತಾ."

"ಆಯ್ತವ್ವ."

ಅಂಗಡಿಯವನು ಎರಡು ಹಲಗೆ ಕೊಟ್ಟ. ಹೊಸ ಹಲಗೆಗೆ ಎರಡೂ ಮೈಗೆ ಕಾಗದ ಅಂಟಿಸಿರುತ್ತಾರಲ್ಲ, ಗೀರು ಬೀಳದಿರಲಿ ಅಂತ? ಗವಿರಂಗ ಹಲಗೆ ಎತ್ತಿ ಹಿಡಿದ. ಅಂಗಡಿಯವನ ಮುಖ ಕಾಣಲಿಲ್ಲ. ತಿರುಗಿಸಿ ಹಿಡಿದ. ಆಗಲೂ ಕಾಣಲಿಲ್ಲ. ದಾರಿಯಲ್ಲಿ ಕೂತು ಒಂದು ಹಲಗೆಯ ಕಾಗದ ಪರಪರ ಸುಲಿದ. ಕಂಡಿತು! ಹೋಗುವವರ, ಬರುವವರ, ಹೋಟೆಲಿನವರ ಮುಖವೆಲ್ಲ ಕಂಡಿತು. ಖುಷಿಯಾಗಿ ಸೈಕಲ್ಲಿಗೆ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು ತಂದ. ಹಗ್ಗ ಉಜ್ಜಿ ಉಜ್ಜಿ, ಬರುವಷ್ಟರಲ್ಲಿ ಹಲಗೆ ಬೆಕ್ಕು ಪರಚಿದ ಹಾಗಾಗಿತ್ತು.

"ಅಯ್ಯಯ್ಯೋ! ಕಾಗದ ಎಲ್ಲೋ?" ಅಂದರು ಮೇಸ್ತ್ರಿ.

"ಮುಖ ಕಾಣಲಿಲ್ಲ, ಸುಲಿದೆ."

"ಅದು ಅದರ ಚರ್ಮ ಕಣೋ! ಚರ್ಮ ಸುಲೀತಾರೇನೋ? ಕೇಳಿಸ್ಕೋ. ಕೆಲಸ ಪೂರ್ತಿ ಮುಗಿಯೋವರೆಗೂ ಕಾಗದ ಬಿಚ್ಚಬಾರದು. ಯಾರೇ ಕೇಳಲಿ, ಬಿಚ್ಚಬಾರದು!"

"ಆಯ್ತು ಮೇಸ್ತ್ರಿ."

ಮಾತು ಒಳಗೆ ಹೋಯಿತು. ಚಿಲಕ ಬಿತ್ತು.

ಮಧ್ಯಾಹ್ನ ಮೇಸ್ತ್ರಿಗೆ ಹಸಿವಾಯಿತು. "ಹೋಗು ಗವಿ, ಹೋಟೆಲಿಂದ ಆರು ಪರೋಟ ಕಟ್ಟಿಸ್ಕೊಂಡು ಬಾ. ಎದುರಿನ ವೆಲ್ಡಿಂಗ್ ಅಂಗಡಿಯ ಇಬ್ಬರೂ ಊಟಕ್ಕೆ ಬರ್ತಾರೆ." ಗವಿರಂಗ ಹೋದ, ತಂದ. ತಂದು ಪೊಟ್ಟಣ ಎದೆಗೆ ಅವುಚಿಕೊಂಡು ಮೂಲೆಯಲ್ಲಿ ಕೂತ.

"ಕೊಡೋ."

"ಇಲ್ಲ."

"ಯಾಕೋ ಇಲ್ಲ?"

"ಕಾಗದ ಸುತ್ತಿದಾರೆ. ಕೆಲಸ ಮುಗಿದಿಲ್ಲ."

ಮೇಸ್ತ್ರಿ ಗದರಿದರು. ಕೊಡಲಿಲ್ಲ. ವೆಲ್ಡಿಂಗಿನವರು ಗೋಗರೆದರು. ಕೊಡಲಿಲ್ಲ. ಕಿತ್ತುಕೊಳ್ಳೋಣ ಅಂದರೆ ಆಳು ಬಾಗಿಲ ಚೌಕಟ್ಟಿನಷ್ಟು ಇದ್ದಾನೆ. ಸಂಜೆ ಆರಕ್ಕೆ ಷಟರ್ ಎಳೆದ ಮೇಲೆ ಪೊಟ್ಟಣ ಮುಂದಿಟ್ಟ. ಪರೋಟ ಚಪ್ಪಲಿಯ ಅಟ್ಟೆಯಾಗಿತ್ತು.

"ಯಾ ಅಲ್ಲಾ!" ಅಂದರು ಮೇಸ್ತ್ರಿ. "ಎಂಥಾ ಆಸಾಮಿನ ಗಂಟು ಹಾಕಿದ್ಲು ಈ ಅಕ್ಕ! ಲೋ, ಕೈಗೆ ಬಂದದ್ದನ್ನ ಕೂಡಲೆ ಬಿಚ್ಚಿ, ಎಷ್ಟು ಜನ ಇದಾರೋ ಅಷ್ಟು ಪಾಲು ಮಾಡಬೇಕು. ಎಲ್ಲಾ ಒಂದೇ ಸಮ. ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ. ತಿಳೀತಾ?"

"ತಿಳೀತು ಮೇಸ್ತ್ರಿ."

ಮಂಗಳವಾರ ಮೇಸ್ತ್ರಿ ಕಾಗದವಿದ್ದ ಹಲಗೆಯ ಮೇಲೆ ಗೆರೆ ಹಾಕಿಟ್ಟು, "ತಳ ಒಂದು, ಉದ್ದದ ಗೋಡೆ ಎರಡು, ಗಿಡ್ಡ ಗೋಡೆ ಎರಡು, ಒಳಗಿನ ಅಡ್ಡಗೋಡೆ ಮೂರು. ಒಟ್ಟು ಎಂಟು. ಕತ್ತರಿಸಿಡು" ಅಂತ ಹೇಳಿ ನಮಾಜಿಗೆ ಹೋದರು. ಬಂದು ನೋಡಿದರೆ ಎಂಟು ತುಂಡು, ಎಂಟೂ ಒಂದೇ ಅಳತೆ. ಇಸ್ಪೀಟ್ ಎಲೆಗಳ ಹಾಗೆ ಒಂದರ ಮೇಲೊಂದು ಜೋಡಿಸಿಟ್ಟಿದ್ದ.

"ಒಂದೇ ಸಮ ಮೇಸ್ತ್ರಿ. ಯಾರೂ ಬೇಜಾರು ಮಾಡ್ಕೊಳಲ್ಲ."

ಗೋಡೆಯಾಚೆ ಮೀನಿಗೆ ಕಾಳು ಹಾಕುತ್ತಿದ್ದ ನರಸಮ್ಮನಿಗೆ ಆ ಮೌನ ಕೇಳಿಸಿತು. ಬೈಗುಳಕ್ಕಿಂತ ಅದೇ ಭಯ. ಮಂಡಿ ಹಿಡಿದುಕೊಂಡೇ ಓಡಿ ಬಂದಳು.

"ಲೋ ಮುಂಡೇದೆ! ಪರೋಟ ಹಂಚೋಕೂ ಹಲಗೆ ಕತ್ತರಿಸೋಕೂ ವ್ಯತ್ಯಾಸ ಬೇಡ್ವೇನೋ!"

"ಅದನ್ನ ಹೇಳಲಿಲ್ವಲ್ಲವ್ವ."

ಮೇಸ್ತ್ರಿ ಎರಡು ಲೋಟ ನೀರು ಕುಡಿದರು. "ಇರಲಿ ಅಕ್ಕ. ಇವು ಒಳಗಿನ ಅಡ್ಡಗೋಡೆಗಾದರೂ ಆಗುತ್ವೆ. ಹೊರಗೋಡೆಗೆ ಆ ಪರಚಿದ ಹಲಗೆ ಇದೆ. ಬೀರು ಒಳಗೆ ಕೂರೋ ಪೆಟ್ಟಿಗೆ, ಗೀರು ಯಾರು ನೋಡ್ತಾರೆ? ಆದ್ರೆ ಅದೇ ಕೊನೇದು." ಆಮೇಲೆ ಗವಿರಂಗನ ಎರಡು ಕಿವಿಯನ್ನೂ ಹಿಡಿದುಕೊಂಡು ಹೇಳಿದರು: "ಗೆರೆ ಕಣೋ, ಗೆರೆ! ಗೆರೆ ಕಂಡ ಕಡೆ ಸ್ಕೇಲು ಇಡು, ಕಟರಿನಲ್ಲಿ ಹತ್ತು ಸಲ ಗೀಚು, ಮೇಜಿನ ಅಂಚಿಗಿಟ್ಟು ಅದುಮು. ಟಕ್! ಮುರಿದು ಬರುತ್ತೆ. ಅಷ್ಟೇ ಕೆಲಸ."

"ಗೆರೆ. ಹತ್ತು ಸಲ. ಟಕ್" ಅಂದ ಗವಿರಂಗ.

ಹೇಳಿದ ಹಾಗೇ ಪರಚಿದ ಹಲಗೆಯನ್ನು ಮೇಸ್ತ್ರಿ ಹಾಕಿಕೊಟ್ಟ ಗೆರೆಗೆ ಸರಿಯಾಗಿ ಕತ್ತರಿಸಿದ. ಕೂದಲೆಳೆ ತಪ್ಪಲಿಲ್ಲ. ಮೇಸ್ತ್ರಿ ಅಂಚಿನ ಮೇಲೆ ಬೆರಳಾಡಿಸಿ, "ಅರೆ!" ಅಂದರು. ನರಸಮ್ಮ ಗೋಡೆಯಾಚೆ ದೇವರಿಗೆ ಕೈ ಮುಗಿದಳು.

ಅವಸರದಲ್ಲಿ ಮುಗಿದಳು.

ಸಂಜೆ ಪಂಪಿನ ಪೈಪಿಗೆಂದು ಬೀರುವಿನ ಎತ್ತರ ಅಳೆದು ತರಲು ಗವಿರಂಗನನ್ನು ಟೀಚರ್ ಮನೆಗೆ ಕಳಿಸಿದರು. ಟೀಚರ್ ಕಾಫಿ ಮಾಡಲು ಒಳಗೆ ಹೋಗುತ್ತ ಕನ್ನಡಕ ಬಿಚ್ಚಿ ಮೇಜಿನ ಮೇಲಿಟ್ಟರು. ವಯಸ್ಸಾದವರ ಕನ್ನಡಕ, ದೂರಕ್ಕೆ ಮೇಲುಗಡೆ, ಹತ್ತಿರಕ್ಕೆ ಕೆಳಗಡೆ, ನಡುವೆ ಅಡ್ಡಲಾಗಿ ಒಂದು ಗೆರೆ. ಗವಿರಂಗ ಗೆರೆ ನೋಡಿದ. ಜೇಬಿನಲ್ಲಿ ಕಟರ್ ಇತ್ತು. ಎದುರಿಗೆ ಮೇಜಿತ್ತು, ಮೇಜಿಗೆ ಅಂಚಿತ್ತು. ಇನ್ನೇನು ಬೇಕು?

ಟಕ್. ಟಕ್.

ಬುಧವಾರ ಬೆಳಿಗ್ಗೆ ಟೀಚರ್ ಅಂಗಡಿಗೆ ಬಂದರು. ಬಲಗೈಯಲ್ಲಿ ಕನ್ನಡಕದ ಮೇಲಿನ ಅರ್ಧ, ಎಡಗೈಯಲ್ಲಿ ಕೆಳಗಿನ ಅರ್ಧ. ಬಲಗೈಯದನ್ನು ಕಣ್ಣಿಗೆ ಹಿಡಿದು ಬೀದಿಯ ಆ ಕಡೆಯಿಂದಲೇ ನರಸಮ್ಮನನ್ನು ಗುರುತಿಸಿದರು. ಹತ್ತಿರ ಬಂದು ಎಡಗೈಯದನ್ನು ಹಿಡಿದು ಅವಳ ಮುಖ ಓದಿದರು.

"ನರಸಮ್ಮ, ಮೂವತ್ತೆಂಟು ವರ್ಷ ಮೇಷ್ಟ್ರಗಿರಿ ಮಾಡಿದೀನಿ. ಇಂಥ ಮಗು ನನ್ನ ಕ್ಲಾಸಿಗೆ ಬರಲಿಲ್ಲ."

"ಟೀಚರ್, ಹೊಸದು ಮಾಡಿಸಿಕೊಡ್ತೀನಿ ಟೀಚರ್..."

"ಕನ್ನಡಕ ಹಾಳಾಗಲಿ! ನನ್ನ ಮೀನು ನೀರಿನ ಡ್ರಮ್ಮಿನಲ್ಲಿ ಕೂತಿದೆ. ಭಾನುವಾರಕ್ಕೆ ಸಂಪು ಬರಲಿಲ್ಲ ಅಂದ್ರೆ ತುಮಕೂರಿನಲ್ಲಿ ಮಾಡಿಸ್ತೀನಿ." ಗವಿರಂಗನ ಕಡೆ ತಿರುಗಿದರು. "ಏನಪ್ಪಾ, ಮುರಿಯೋದು ಒಂದೇನಾ ನಿನಗೆ ಬರೋದು? ಜೋಡಿಸೋದು ಕಲಿತುಕೋ!"

"ಕಲೀತಾನೆ ಟೀಚರ್, ಇವತ್ತೇ ಕಲೀತಾನೆ" ಅಂದರು ಮೇಸ್ತ್ರಿ. ಟೀಚರ್ ಹೋದ ಮೇಲೆ ಗವಿರಂಗನಿಗೆ ಹೇಳಿದರು: "ಎರಡು ಅಂಚು ಸೇರಿದ್ದು ಕಂಡರೆ ಎರಡೂ ಕಡೆಯಿಂದ ಅದುಮಿ ಹಿಡಿ. ಬಿಗಿಯಾಗಿ ಟೇಪು ಸುತ್ತು. ಮೇಲೆ ಸಿರಿಂಜಿನಲ್ಲಿ ಅಂಟು ಬಿಟ್ಟರೆ ತಾನೇ ಒಳಗೆ ಓಡುತ್ತೆ. ಅಂಟು ಕಚ್ಚೋವರೆಗೂ ಅಲ್ಲಾಡಬಾರದು, ಅಲ್ಲಾಡೋಕೆ ಬಿಡಬಾರದು. ಟೇಪು ಮುಗಿದಿದೆ, ಓಡಿ ಹೋಗಿ ತಗೊಂಡು ಬಾ."

ಟೇಪು ಕೊಂಡು ದನದ ಸಂತೆಯ ಬಯಲು ಹಾದು ಬರುತ್ತಿದ್ದ ಗವಿರಂಗ. ಅಲ್ಲಿ ಇಬ್ಬರು ದಲ್ಲಾಳಿಗಳು ಎದುರುಬದುರು ನಿಂತು ಎತ್ತಿನ ವ್ಯಾಪಾರ ನಡೆಸಿದ್ದರು. ಸಂತೆಯ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲವಲ್ಲ. ಕೈ ಮೇಲೆ ಟವೆಲ್ ಮುಚ್ಚಿ, ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಬೆರಳಿನಲ್ಲೇ ಬೆಲೆ ಹೇಳುತ್ತಾರೆ. ನೋಡುವವರಿಗೆ ಟವೆಲ್ ಮಾತ್ರ ಕಾಣುತ್ತದೆ.

ಗವಿರಂಗನಿಗೆ ಎರಡು ಅಂಚು ಸೇರಿದ್ದು ಕಂಡಿತು.

ಹೋದವನೇ ಎರಡೂ ಕಡೆಯಿಂದ ಗಬಕ್ಕನೆ ಅದುಮಿದ. ಟೇಪು ಬಿಚ್ಚಿ ಟವೆಲ್ ಸಮೇತ ಗಿರಗಿರ ಸುತ್ತಿದ.

"ಏಯ್! ಯಾರ್ಲಾ ನೀನು!"

"ಅಲ್ಲಾಡಬೇಡಿ! ಕಚ್ಚಲಿ!"

"ಏನ್ಲಾ ಕಚ್ಚೋದು? ಬಿಡ್ಲಾ! ನಾನು ಮೂರು ಬೆರಳು ಹಿಡಿದಿದ್ದೆ, ಇವನು ಅದುಮಿ ಐದೂ ಬೆರಳು ಸೇರಿಸಿಬಿಟ್ಟ!"

"ಐದು ಬೆರಳು ಹಿಡಿದೆ ಅಂದ್ಮೇಲೆ ಮುಗೀತು ಮಾರಾಯ, ಎತ್ತು ಹೊಡ್ಕೊಂಡು ಹೋಗು" ಅಂದ ಮಾರುವವನ ದಲ್ಲಾಳಿ ಸಂತೋಷದಲ್ಲಿ.

"ಐದಂತೆ! ನಿಮ್ಮಪ್ಪಂಗೆ ಐದು!"

ಸಂತೆಯೇ ಸುತ್ತ ಸೇರಿತು. ಮೀನಿನಂಗಡಿ ನರಸಮ್ಮನ ಮಗ ಅಂತ ಯಾರೋ ಗುರುತು ಹಿಡಿದರು. ಇಬ್ಬರೂ ಬೈದುಕೊಂಡು, ಒದೆದಾಡಿಕೊಂಡು, ಆದರೂ ಕೈ ಬಿಡಿಸಲಾಗದೆ ಹೊಸ ಗಂಡ ಹೆಂಡಿರ ಹಾಗೆ ಜೊತೆಯಲ್ಲೇ ನಡೆದು ನರಸಮ್ಮನ ಅಂಗಡಿಗೆ ಬಂದರು. ಹಿಂದೆ ಗವಿರಂಗ, "ಮೆಲ್ಲಗೆ, ಮೆಲ್ಲಗೆ, ಇನ್ನೂ ಹಸಿ ಐತೆ" ಅನ್ನುತ್ತ. ಅವನ ಹಿಂದೆ ಎತ್ತು.

ನರಸಮ್ಮ ಕತ್ತರಿ ತಂದು ಬಿಡಿಸಿದಳು. ಕಾಲಿಗೆ ಬಿದ್ದು ಕಳಿಸಿದಳು. ಬಂದು ಮಗನ ಬೆನ್ನಿಗೆ ಗುದ್ದಿದಳು. ಗುದ್ದಿ ಗುದ್ದಿ ಅವಳ ಕೈಯೇ ನೋವಾಯಿತು.

"ಇಬ್ಬರು ಹತ್ತಿರ ಇರೋದು ಕಂಡರೆ ಅದುಮೋಕೆ ಹೋಗಬೇಡ್ವೋ! ನಡುವೆ ಗಾಳಿ ಆಡೋಷ್ಟು ಜಾಗ ಬಿಡೋ! ಜಾಗ ಬಿಡು!"

"ಬಿಡ್ತೀನಿ ಅವ್ವ. ಅಳಬೇಡ."

ಗುರುವಾರ ಸಂಪು ಸಿದ್ಧ ಅಂತ ಗವಿರಂಗ ಕರೆದ. ನೋಡಲು ಏನೋ ಪೆಟ್ಟಿಗೆಯ ಹಾಗೇ ಇತ್ತು. ಮೇಸ್ತ್ರಿ ಒಂದು ಚೊಂಬು ನೀರು ಹುಯ್ದರು. ಚೊಂಬು ನೀರೂ ಅವರ ಪಾದಕ್ಕೆ ಬಂತು. ಬಗ್ಗಿ ನೋಡಿದರೆ ಅಂಚಿಗೂ ಅಂಚಿಗೂ ನಡುವೆ ಒಂದೊಂದು ಬೆಂಕಿಕಡ್ಡಿ ಇಟ್ಟು ಟೇಪು ಹಚ್ಚಿದ್ದ.

"ಗಾಳಿ ಆಡಲಿ ಅಂತ" ಅಂದ.

ಮೇಸ್ತ್ರಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ನರಸಮ್ಮ ಬಾಗಿಲಲ್ಲಿ ನಿಂತಿದ್ದಳು. ಕೇಳಬಾರದು ಅಂದಿದ್ದರಲ್ಲ, ಕೇಳಲಿಲ್ಲ. ಕಣ್ಣು ಮಾತ್ರ ಒರೆಸಿಕೊಂಡಳು. ಗವಿರಂಗ ಅವ್ವನನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ, ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಬೆಂಕಿಪೊಟ್ಟಣಕ್ಕೆ ತುಂಬತೊಡಗಿದ.

"ಅಂಟು ಹಿಡಿದೇ ಇಲ್ಲ" ಅಂದರು ಮೇಸ್ತ್ರಿ ಕೊನೆಗೆ. "ಅದೇ ಪುಣ್ಯ, ಹಲಗೆ ಉಳೀತು. ಅಕ್ಕ, ನೀವು ಒಳಗೆ ಹೋಗಿ. ನಾಳೆ ನಮಾಜಿನ ಹೊತ್ತು ಬಿಟ್ಟು ನಾನು ಇಲ್ಲಿಂದ ಏಳಲ್ಲ. ಇವನಿಗೆ ಒಂದೊಂದೇ ಮಾತು ಹೇಳ್ತೀನಿ. ಮೊದಲನೇದು ಮುಗಿಯೋವರೆಗೂ ಎರಡನೇದು ಹೇಳಲ್ಲ."

ಶುಕ್ರವಾರ ಹಾಗೇ ಮಾಡಿದರು. ಸ್ಟೂಲಿನ ಮೇಲೆ ಕೂತು, ಕೈ ಕಟ್ಟಿಕೊಂಡು, ಬಾಯಲ್ಲೇ ಮಾಡಿಸಿದರು. ಅಂಚು ತಾಗಿಸು. ತಾಗಿಸಿದ. ಟೇಪು ಹಚ್ಚು. ಹಚ್ಚಿದ. ಅಂಟು ಬಿಡು. ಬಿಟ್ಟ. ಅಲ್ಲಾಡಬೇಡ. ಅಲ್ಲಾಡಲಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಅಲ್ಲಾಡಲಿಲ್ಲ. ಬೀದಿಯಲ್ಲಿ ಮದುವೆ ದಿಬ್ಬಣ ಹೋಯಿತು, ಅಲ್ಲಾಡಲಿಲ್ಲ. ಎಷ್ಟೋ ಕೈಗಳನ್ನು ನೋಡಿದ್ದರು ಮೇಸ್ತ್ರಿ. ಎಲ್ಲರೂ ನಡುವೆ ಒಂದು ಸಲ ಮೂಗು ಕೆರೆಯುವವರೇ, ಫೋನು ನೋಡುವವರೇ. ಹೀಗೆ ಕಂಬವಾಗಿ ನಿಂತವನು ಇವನೊಬ್ಬನೇ. ಅಂಟು ಕೂದಲಿನ ಹಾಗೆ ತೆಳ್ಳಗೆ ಓಡಿತು, ಒಂದು ಗುಳ್ಳೆ ಇಲ್ಲ.

"ಮಾಷಾಅಲ್ಲಾ" ಅಂದರು ಮೇಸ್ತ್ರಿ, ಮೆಲ್ಲಗೆ.

ಶನಿವಾರ ಬೆಳಿಗ್ಗೆ ಪೈಪು ಹಿಡಿಸಿ ಕಂಠಮಟ್ಟ ನೀರು ತುಂಬಿಸಿದರು. "ಈಗ ಕೇಳು ಗವಿ, ಇದು ಕಸಬಿನ ದೊಡ್ಡ ಮಾತು. ಒಂದು ಜೀವ ಒಳಗೆ ಹೋಗುತ್ತೆ ಅಂದ್ರೆ ಮೊದಲು ನೀರು ತುಂಬಿಸಿ ನೋಡಬೇಕು. ಒಂದು ಹಗಲು, ಒಂದು ರಾತ್ರಿ. ಒಂದು ಹನಿ ಹೊರಗೆ ಬಂದ್ರೂ ಒಳಗೆ ಜೀವ ಬಿಡಬಾರದು. ಯಾರು ಬಂದು ಅವಸರ ಮಾಡಿದ್ರೂ ಬಿಡಬಾರದು."

"ಬಿಡಲ್ಲ ಮೇಸ್ತ್ರಿ."

ಭಾನುವಾರ ನೋಡಿದರೆ ಕೆಳಗೆ ಹಾಸಿದ್ದ ಪೇಪರು ಹಾಸಿದ ಹಾಗೇ ಗರಿಗರಿಯಾಗಿತ್ತು. ಹನಿ ಇಲ್ಲ, ಪಸೆ ಇಲ್ಲ. ನರಸಮ್ಮ ಪೇಪರಿನ ಮೇಲೆ ಕೈಯಾಡಿಸಿದಳು, ಹಿಂಬದಿ ತಿರುಗಿಸಿ ಕೈಯಾಡಿಸಿದಳು, ಕೆನ್ನೆಗೆ ಒತ್ತಿಕೊಂಡು ನೋಡಿದಳು.

ಹತ್ತು ಗಂಟೆಗೆ ಟೀಚರ್ ತಮ್ಮ ಕಾರಿನಲ್ಲಿ ಬಂದರು. ಹೊಸ ಕನ್ನಡಕ ಹಾಕಿದ್ದರು. ಗವಿರಂಗನನ್ನು ಕಂಡ ಕೂಡಲೆ ಅದನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಒಳಗೆ ಬಂದು ಸಂಪು ನೋಡಿದರು.

"ಚೆನ್ನಾಗಿದೆ" ಅಂದರು. ಅಷ್ಟು ಹೇಳುವುದೇ ಅವರಿಗೆ ಹೆಚ್ಚು. "ಯಾರು ಮಾಡಿದ್ದು?"

"ನಮ್ಮ ಗವಿ" ಅಂದರು ಮೇಸ್ತ್ರಿ. "ಸಂಪು ಗಾಡಿಯಲ್ಲಿ ಕಳಿಸ್ತೀನಿ. ನೀವು ಒಂದು ಟೀ ಕುಡಿದು ಕಾರಲ್ಲಿ ಕೂತು ಮುಂದೆ ಹೋಗಿ." ಆಮೇಲೆ ನರಸಮ್ಮನ ಕಡೆ ತಿರುಗಿದರು. "ಅಕ್ಕ, ಮಾತು ಅಂದ್ರೆ ಮಾತು. ಇವತ್ತಿನಿಂದ ಅವನು ನನ್ನ ಆಳು. ಕಾಯಂ."

ನರಸಮ್ಮ ಕೂತಳು. ಮಂಡಿ ನೋವೇ ತಿಳಿಯಲಿಲ್ಲ. ಟೀ ಬಂತು. ಮೂವರೂ ಕುಡಿದರು. ಕುಡಿದು ಮುಗಿಯುವ ಹೊತ್ತಿಗೆ ಅವಳಿಗೇ ಮೊದಲು ಅನ್ನಿಸಿತು: ಹೊರಗೆ ನೀರಿನ ಸದ್ದು ಯಾಕೆ ಬರುತ್ತಿದೆ?

ಹೊರಗೆ ಬಂದರು.

ಕಾರಿನ ಕಿಟಕಿ ಅರ್ಧ ಇಳಿದಿತ್ತು. ಅದರೊಳಗೆ ಮೀನಿನ ಅಂಗಡಿಯ ಪೈಪು ತೂರಿತ್ತು. ಸೀಟು ಮುಳುಗಿತ್ತು. ಸ್ಟೀರಿಂಗು ಅರ್ಧ ಮುಳುಗಿತ್ತು. ಟೀಚರ್ ಕೈಚೀಲ ತೇಲುತ್ತ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬರುತ್ತಿತ್ತು. ಗವಿರಂಗ ನೆಲಕ್ಕೆ ಗಲ್ಲ ಹಚ್ಚಿ ಮಲಗಿ ಬಾಗಿಲಿನ ಅಡಿ ನೋಡುತ್ತಿದ್ದ.

"ಟೀಚರ್ ಒಳಗೆ ಕೂರ್ತಾರೆ ಅಂದ್ರಲ್ಲ ಮೇಸ್ತ್ರಿ, ಅದಕ್ಕೆ ನೋಡಿದೆ" ಅಂದ ಮಲಗಿದಲ್ಲಿಂದಲೇ. "ನಾಲ್ಕೂ ಬಾಗಿಲು ಸೋರ್ತಾ ಐತೆ. ಯಾವನೋ ಕೆಲಸ ಬಾರದೋನು ಮಾಡಿರೋದು."

ನರಸಮ್ಮ ಕಾರನ್ನು ನೋಡಲಿಲ್ಲ. ಮಗನನ್ನೂ ನೋಡಲಿಲ್ಲ. ಮೇಸ್ತ್ರಿಯ ಮುಖವನ್ನೇ ನೋಡಿದಳು.

ಮೇಸ್ತ್ರಿ ಜಗಲಿಯ ಮೇಲೆ ಮೆಲ್ಲಗೆ ಕುಸಿದು ಕೂತರು. "ಕೊಟ್ಟ ಮಾತು ವಾಪಸ್ ತಗೊಳಲ್ಲ ಅಕ್ಕ. ಹೆದರಬೇಡಿ. ಆದ್ರೆ ಇನ್ನು ನನ್ನ ಜೀವ ಇರೋವರೆಗೂ ಆ ಆಸಾಮಿಗೆ ಬುದ್ಧಿ ಮಾತ್ರ ಹೇಳಲ್ಲ."

ಟೀಚರ್ ಹೊಸ ಕನ್ನಡಕ ಏರಿಸಿಕೊಂಡು ನೇರ ಕಾರಿನ ಹತ್ತಿರ ಹೋಗಿ ಬಾಗಿಲಿಗೆ ಕೈ ಹಾಕಿದರು. ಗವಿರಂಗ ಧಡಕ್ಕನೆ ಎದ್ದ. ಬಾಗಿಲ ಚೌಕಟ್ಟಿನಷ್ಟು ಎತ್ತರದ ಆಳು ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಕಂಬವಾಗಿ ನಿಂತ.

"ತೆಗೀಬೇಡಿ ಟೀಚರ್! ಇನ್ನೂ ಅರ್ಧ ಗಂಟೆನೂ ಆಗಿಲ್ಲ. ನಾಳೆ ಇಷ್ಟೊತ್ತಿಗೆ ಬನ್ನಿ!"